ಕೂದಲೆಳೆಯಷ್ಟು

ಆದೋನಿಯಲ್ಲಿ ಪ್ರೆಸ್ ಅಂದರೆ ಒಂದೇ:
ಹತ್ತಿಯನ್ನು ತುಳಿದು, ಒತ್ತಿ, ಪಟ್ಟಿ ಬಿಗಿದು
ಅಂಡಿಗೆ ಮಾಡಿ ಹೊರಗೆ ಉಗುಳುವ ಯಂತ್ರ.
ಅದರ ತೂಕದ ಚೀಟಿ ಬರೆದೇ
ಮೂವತ್ತೊಂದು ವರ್ಷ ಉಂಡವನು ನಾನು.
ಹಾಗಾಗಿ ಪ್ರೆಸ್ ಗಾಜು ಅಂತ ಬಾಯಿಬಿಟ್ಟಾಗ
ಗಂಜಿನ ಹಮಾಲರೆಲ್ಲ ನಕ್ಕರು:
“ಗುಮಾಸ್ತ್ರೇ, ಗಾಜನ್ನೂ ಅಂಡಿಗೆ ಕಟ್ತಾರಾ?”

ಕಟ್ಟುತ್ತಾರೆ, ಉರುಕುಂದಪ್ಪ.
ಸಮುದ್ರದಾಚೆ, ಓಹಿಯೋ ಅಂಬ ಸೀಮೆಯಲ್ಲಿ
ಕಾದ ಬೆಲ್ಲದ ಪಾಕದಂಥ ಗಾಜನ್ನು
ಕಬ್ಬಿಣದ ಅಚ್ಚಿಗೆ ಸುರಿದು, ಕತ್ತರಿಸಿ,
ಮೇಲಿಂದ ಹಿಡಿಕೆ ಎಳೆದರೆ ಆಯಿತು,
ಸಾಹುಕಾರರ ಮನೆಯ ಕೊರೆದ ಗಾಜಿನ ಹೊಳಪು
ಹತ್ತು ಸೆಂಟಿಗೆ ಬಡವರ ಮೇಜಿಗೆ.
ಕೊರೆದದ್ದು ಬೆರಳಿಗೆ ಚುಚ್ಚುತ್ತದೆ;
ಒತ್ತಿದ್ದು ಸವೆದ ಸೋಪಿನ ಹಾಗೆ, ಅಂಚು ಮೆತ್ತಗೆ.
ಪಕ್ಕದಲ್ಲಿ ಅಚ್ಚು ಕೂಡಿದ ಗೆರೆ, ಹೊಲಿಗೆಯಂತೆ,
ಮುಚ್ಚಿಡಲು ಬಾರದ್ದು.
ನನಗೆ ಆ ಗೆರೆಯ ಮೇಲೆಯೇ ಮನಸ್ಸು.
ಮನೆಯಲ್ಲೊಂದು ಮಾತು, ಗಂಜಿನಲ್ಲೊಂದು;
ನನ್ನ ನಾಲಿಗೆಯಲ್ಲೂ ಅಂಥದೊಂದು ಇರಬೇಕು.

ಮೊದಲನೆಯದು ಸಿಕ್ಕಿದ್ದು ಮಹಬೂಬ್‌ಸಾಬನ ಗುಜರಿಯಲ್ಲಿ.
ಸೈಕಲ್ ರಿಮ್ಮು, ಸುಟ್ಟ ಮೋಟಾರಿನ ತಾಮ್ರದ ನಡುವೆ
ಮೊಳೆ ತುಂಬಿಕೊಂಡು ಕೂತಿತ್ತು ಸಕ್ಕರೆ ಬಟ್ಟಲು.
ಹಳದಿಯೂ ಅಲ್ಲ, ಹಸಿರೂ ಅಲ್ಲ,
ನಿಂಬೆಹುಳಿ ನೀರಲ್ಲಿ ಕದಡಿದ ಬಣ್ಣ.
ಮೊಳೆ ಸುರಿದು ಕೊಡು ಅಂದೆ.
ಮೊಳೆಯೇ ಬೇಡವೆ? ಅವನಿಗೆ ಅನುಮಾನ.
ಯಾವ ಕಾಲದ ಯಾವ ಅಮೆರಿಕದ ಮೇಸ್ತ್ರಿ
ಜಿನ್ನು ಕೂಡಿಸಲು ಬಂದು, ಬಿಸಿಲಿಗೆ ಬೆದರಿ
ಬಿಟ್ಟು ಓಡಿದನೋ. ಇದು ನನ್ನ ಊಹೆ.
ಮುಂಬೈಯ ಚೋರ್ ಬಜಾರಿನದು, ಇದು ಅವನ ಪ್ರಮಾಣ.

ಆ ರಾತ್ರಿ ಆಫೀಸಿನಲ್ಲಿ
ಖೋಟಾ ನೋಟು ಹಿಡಿಯುವ ನೇರಳೆ ದೀಪದ ಕೆಳಗೆ
ಸುಮ್ಮನೆ ಇಟ್ಟು ನೋಡಿದೆ.
ಹಸಿರೆಂದರೆ ಹಸಿರು!
ಜೋಳದ ಗರಿ ಒಳಗಿಂದ ಹತ್ತಿಕೊಂಡಂತೆ.
ಕ್ಯಾಷಿಯರ್ ಗುರುರಾಜಾಚಾರಿ
ಎರಡು ಹೆಜ್ಜೆ ಹಿಂದೆ ಸರಿದು, ದೆವ್ವ ಅಂದ.
ಯುರೇನಿಯಂ ಅಂದೆ.
ಅದಕ್ಕಿಂತ ದೆವ್ವವೇ ವಾಸಿ ಅಂದ.

ಈಗ ಬೀರುವಿನಲ್ಲಿ ಇಪ್ಪತ್ತಾರು.
ಎಮ್ಮಿಗನೂರಿನ ಉಪ್ಪಿನ ತಟ್ಟೆ, ಕೋಸಿಗಿಯ ಸೀಳುಬಿಟ್ಟ ಹೂಜಿ,
ಬಾಟಲಿಯೇ ಇಲ್ಲದ ಬಿರಟೆಯೊಂದು.
ಒಂದರಲ್ಲೂ ಉಪ್ಪಿನಕಾಯಿ ಹಾಕಗೊಡಲಿಲ್ಲವೆಂದು
ಹೆಂಡತಿ ಎರಡು ಸಲ ಮಾತು ಬಿಟ್ಟಿದ್ದಾಳೆ.

ಬಟ್ಟಲಿನ ಮುಚ್ಚಳಕ್ಕೆ ಹನ್ನೊಂದು ವರ್ಷ ಹುಡುಕಿದೆ.
ಸಿಕ್ಕಿದ್ದು ಮೂರು ಬೀದಿ ಆಚೆ,
ಕೌದಿ ಹೊಲಿಯುವ ಖಾಜಾಬಿಯ ಮಗ್ಗುಲಲ್ಲಿ,
ಅಂಗಾತ ಮಲಗಿ, ಅಂಗಿಯ ಗುಂಡಿಗಳನ್ನು ಹೊತ್ತು.
ಅದೇ ಬಣ್ಣ, ಅದೇ ಸೇವಂತಿ,
ಸೇವಂತಿಗಳ ನಡುವೆ ಅದೇ ಗಾಜಿನ ಗುಂಡಿ.
ಐನೂರು ಅಂದೆ. ಸಾವಿರ ಅಂದೆ.
ಆಕೆ ಹಲ್ಲಲ್ಲಿ ದಾರ ಕಡಿದು:
“ಇದು ಮಾರಾದಲ್ಲಪ್ಪ. ನಿನ್ನ ಬಟ್ಟಲಾ ತಗಂಬಾ ಇಲ್ಲಿಗೆ.”

ಶುಕ್ರವಾರ ಟವೆಲಿನಲ್ಲಿ ಸುತ್ತಿ ಒಯ್ದೆ.
ಗುಂಡಿಗಳನ್ನು ಮಡಿಲಿಗೆ ಸುರಿದುಕೊಂಡು
ಮುಚ್ಚಳ ತಾನೇ ಇಟ್ಟಳು.
ಕೂರಲಿಲ್ಲ.
ಕೂದಲೆಳೆಯಷ್ಟು ದೊಡ್ಡದು, ಬೇರೆ ಅಚ್ಚಿನ ಕೂಸು.
ಬೆರಳು ತಾಗಿದರೆ ಕಟಕಟ.

ನನ್ನ ಮುಖ ಸಣ್ಣದಾಗಿರಬೇಕು.
ಆಕೆ ಕನ್ನಡಕ ಏರಿಸಿ, ಬೇಕಾದಷ್ಟು ಹೊತ್ತು ನೋಡಿ,
ಯಾರದೋ ಹಳೇ ಸೀರೆಯ ಕೆಂಪು ಚೂರನ್ನು
ಉದ್ದಕ್ಕೆ ಹರಿದು ಬಟ್ಟಲಿನ ಅಂಚಿಗೆ ಸುತ್ತಿ,
“ಈಗ ಒತ್ತು” ಅಂದಳು.

ಒತ್ತಿದೆ. ಕೂತಿತು.
ಚಹಾ ಕುಡಿಯುವಷ್ಟು ಹೊತ್ತು ಇಬ್ಬರೂ ನೋಡಿದೆವು.
ಆಮೇಲೆ ಮುಚ್ಚಳ ತೆಗೆದುಕೊಂಡಳು,
ಗುಂಡಿ ಎಲ್ಲಿ ಹಾಕ್ಲಿ ಮತ್ತೆ ಅಂತ.

ಬಟ್ಟಲು ಬೀರುವಿನಲ್ಲಿದೆ.
ಕೆಂಪು ಪಟ್ಟಿ ಬಿಚ್ಚಿಲ್ಲ.